ಎಸ್.ಪಿ. ರಸ್ತೆಯ ಎಸಿ ವಾಷಿಂಗ್ ಕಿಟ್: ಕೊಳೆಗೆ ಸರಿ, ಗ್ಯಾಸಿಗೆ ಅಲ್ಲ

ಫೆಬ್ರವರಿ ಕೊನೆಗೆ ಬೆಂಗಳೂರಿನ ಎಸಿಗಳು ಒಂಬತ್ತು ತಿಂಗಳ ನಿದ್ದೆ ಮುಗಿಸಿ ಏಳುತ್ತವೆ. ಮೊದಲ ದಿನ ಒಣಗದ ಬಟ್ಟೆಯ ವಾಸನೆ. ಎರಡನೇ ವಾರ ‘ತಂಪೇ ಆಗ್ತಿಲ್ಲ’ ಎಂಬ ದೂರು. ಮೂರನೇ ವಾರ ಮನೆಗೆ ಬಂದ ಟೆಕ್ನಿಷಿಯನ್ ಬಾಯಲ್ಲಿ ‘ಗ್ಯಾಸ್ ಕಮ್ಮಿ ಇದೆ ಸರ್’, ಅಂದರೆ ಎಸಿಯೊಳಗೆ ಸುತ್ತುತ್ತಾ ತಂಪು ಮಾಡುವ ಅನಿಲ. ಮೊದಲ ಎರಡಕ್ಕೆ ಹೆಚ್ಚಿನ ಸಲ ಕಾರಣ ಕೊಳೆ. ಮೂರನೆಯದನ್ನು ನಂಬುವ ಮೊದಲು ಆ ಕೊಳೆ ತೆಗೆದು ನೋಡಬೇಕು. ಆ ಒಂದು ಕೆಲಸಕ್ಕೆ, ಎಸಿಯನ್ನು ಮನೆಯಲ್ಲೇ ನೀರು ಹೊಡೆದು ತೊಳೆಯುವ ಈ ಕಿಟ್ ಚೆನ್ನಾಗಿದೆ. ಐದಕ್ಕೆ ಮೂರೂವರೆ ಕೊಡಬಹುದು. ಕಳೆದ ಒಂದೂವರೆ ಎಲ್ಲಿ ಹೋಯಿತು ಅಂತ ಮುಂದೆ ಇದೆ.

ಮನೆಯಲ್ಲಿ ಎರಡು ಮೂರು ಸ್ಪ್ಲಿಟ್ ಎಸಿ ಇದ್ದು, ಹೊರಗಿನ ಯೂನಿಟ್ ಬಾಲ್ಕನಿಯಲ್ಲೋ ತಾರಸಿಯಲ್ಲೋ ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ. ಒಂದೇ ಎಸಿ ಇದ್ದು, ಅದರ ಔಟ್‌ಡೋರ್ ಏಳನೇ ಮಹಡಿಯ ಹೊರಗೋಡೆಗೆ ನೇತು ಬಿದ್ದಿದ್ದರೆ ದುಡ್ಡು ಉಳಿಸಿ. ಅಲ್ಲಿಗೆ ಬೆಲ್ಟು, ಹಗ್ಗ ಇರುವ ಕೆಲಸದವರೇ ಹೋಗಬೇಕು. ಕಿಟಕಿಯಿಂದ ಬಗ್ಗಿ ಪೈಪು ಹಿಡಿಯುವ ಸಾಹಸ ಬೇಡವೇ ಬೇಡ.

ಎಸ್.ಪಿ. ರಸ್ತೆಯ ಪಂಪು, ಅಡಾಪ್ಟರ್ ಮಾರುವ ಅಂಗಡಿಗಳಲ್ಲಿ ಈ ಕಿಟ್ ಯಾವ ದೊಡ್ಡ ಹೆಸರೂ ಇಲ್ಲದೆ ಸಿಗುತ್ತದೆ. ಬೆಲೆ ಮೂರು ಸಾವಿರದ ಆಸುಪಾಸು, ಚೌಕಾಸಿಗೆ ಜಾಗವಿದೆ. ಒಳಗೆ ಇರುವುದು 12 ವೋಲ್ಟಿನ ಡಯಾಫ್ರಮ್ ಪಂಪು, ಅಡಾಪ್ಟರ್, ಜರಡಿ ಇರುವ ಹೀರು ಪೈಪು, ಆರು ಮೀಟರ್ ಪ್ರೆಶರ್ ಪೈಪು, ನಾಝಲ್ ತಿರುಗಿಸಬಹುದಾದ ಗನ್, ಇನ್‌ಡೋರ್ ಯೂನಿಟ್‌ಗೆ ಕಟ್ಟುವ ಚೀಲ, ಒಂದು ಬ್ರಷ್ ಮತ್ತು ಫಿನ್ (ಎಸಿಯೊಳಗಿನ ತೆಳು ಲೋಹದ ಪಟ್ಟಿ) ನೆಟ್ಟಗೆ ಮಾಡುವ ಪ್ಲಾಸ್ಟಿಕ್ ಬಾಚಣಿಗೆ.

ಪಂಪು ನೋಡಿದರೆ ಊರಿನ ಕಡೆಯವರಿಗೆ ತಕ್ಷಣ ಗುರುತು ಸಿಗುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಒಳಗೆ ಇರುವುದು ಇದೇ ಜಾತಿಯದ್ದು. ದೋಣಿಗಳಲ್ಲಿ ನಲ್ಲಿಗೆ ನೀರು ಕೊಡುವುದೂ ಇದರ ಅಣ್ಣತಮ್ಮಂದಿರೇ. ಡಬ್ಬಿಯ ಮೇಲೆ 130 ಪಿಎಸ್‌ಐ, ಅಂದರೆ ಸುಮಾರು 9 ಬಾರ್ ಒತ್ತಡ ಅಂತ ಬರೆದಿದೆ. ಗನ್ ಬಾಯಲ್ಲಿ ಅಷ್ಟು ಬರುವುದಿಲ್ಲ, ಬರದಿರುವುದೇ ಒಳ್ಳೆಯದು. ಕಾರು ತೊಳೆಯುವ ದೊಡ್ಡ ವಾಷರ್‌ಗಳು 100 ಬಾರ್ ದಾಟುತ್ತವೆ. ಎಸಿಯ ಅಲ್ಯೂಮಿನಿಯಂ ಫಿನ್ನಿನ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ, ಕಾಗದದಷ್ಟು. ದೊಡ್ಡ ವಾಷರ್ ತಾಗಿಸಿದರೆ ಗಾಳಿ ಹೋಗುವ ಸಂದುಗಳೆಲ್ಲ ಒಂದೇ ಏಟಿಗೆ ಮುಚ್ಚಿಹೋಗುತ್ತವೆ.

ಅರ್ಧ ಅಂಕ ಹೋಗಿದ್ದು ಅಡಾಪ್ಟರ್‌ಗೆ. ಅದರ ಮೇಲೆ 12 ವೋಲ್ಟ್, 6 ಆಂಪಿಯರ್ ಅಂತಿದೆ, ಅಂದರೆ 72 ವಾಟ್. ಪಂಪಿನ ಲೇಬಲ್ ಕೇಳುವುದು 80 ವಾಟ್. ಎರಡನೇ ಎಸಿ ತೊಳೆಯುವ ಹೊತ್ತಿಗೆ ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿ, ಪಂಪಿನ ದನಿಯೂ ಇಳಿದುಹೋಗುತ್ತದೆ. ಎಲ್‌ಇಡಿ ಸ್ಟ್ರಿಪ್‌ಗೆ ಹಾಕುವ 12 ವೋಲ್ಟ್, 10 ಆಂಪಿಯರ್ ಸಪ್ಲೈ ಅದೇ ರಸ್ತೆಯಲ್ಲಿ ಸಿಗುತ್ತದೆ. ಕೊಳ್ಳುವಾಗಲೇ ಬದಲಿಸಿಕೊಳ್ಳಿ. ಯಾವುದೇ ಆದರೂ ನೆಲದ ಮೇಲೆ ಇಡಬೇಡಿ, ಸ್ಟೂಲ್ ಮೇಲೆ, ನೀರು ಹಾರದ ಕಡೆ ಇಡಿ. ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನ ಪ್ಲಗ್ಗೇ ಆಗಬೇಕು.

ಚೀಲ ಗಟ್ಟಿ ಬಟ್ಟೆಯದು, ಕೆಳಗೆ ನೀರು ಇಳಿಯುವ ತೋಳು ಇದೆ. ಒಂದೂವರೆ ಟನ್ನಿನ ಯೂನಿಟ್‌ಗೆ ಸರಿಯಾಗಿ ಕೂರುತ್ತದೆ. ಎರಡು ಟನ್ನಿನ ಉದ್ದ ಯೂನಿಟ್‌ಗೆ ಮೂಲೆ ಎಳೆಯುತ್ತದೆ, ನೀರು ಗೋಡೆಗೆ ಇಳಿಯುತ್ತದೆ. ಹಿಂಭಾಗ ಗೋಡೆಗೆ ಅಂಟುವ ಕಡೆ ಹಳೇ ಟವೆಲ್ ಒಂದನ್ನು ಸುರುಳಿ ಸುತ್ತಿ ತುರುಕದಿದ್ದರೆ ಒಂದೂವರೆ ಟನ್ನಿನಲ್ಲೂ ಪೇಂಟ್ ಹಾಳು.

ಕಿಟ್‌ನಲ್ಲಿ ಇರಬೇಕಿತ್ತು, ಇಲ್ಲದಿರುವುದು ಥರ್ಮಾಮೀಟರ್. ನೂರಿನ್ನೂರು ರೂಪಾಯಿಯ ಡಿಜಿಟಲ್ ಪ್ರೋಬ್ ಸಾಕಿತ್ತು. ಅದಿಲ್ಲದೆ ತೊಳೆದದ್ದು ಉಪಯೋಗ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಇನ್ನೊಂದು ಅರ್ಧ ಅಂಕ ಇಲ್ಲಿ ಹೋಯಿತು.

ನೀರು ಮುಟ್ಟುವ ಮೊದಲು ಅಳತೆ. ಫಿಲ್ಟರ್ ಜಾಲರಿ ತೊಳೆದು ಹಾಕಿ. ರಿಮೋಟ್ 16 ಡಿಗ್ರಿಗೆ, ಫ್ಯಾನ್ ಪೂರ್ತಿ, 15 ನಿಮಿಷ ಬಿಡಿ. 24ರಲ್ಲಿ ಅಳೆಯಬೇಡಿ: 2020ರಿಂದ ಹೊಸ ಎಸಿಗಳು ಆನ್ ಆಗುವುದೇ 24ರಲ್ಲಿ, ಕೋಣೆ ಅಲ್ಲಿಗೆ ಬಂದೊಡನೆ ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವ ಕಂಪ್ರೆಸರ್, ನಿಧಾನವಾಗುತ್ತದೆ, ಅಳತೆಯ ಲೆಕ್ಕ ತಪ್ಪುತ್ತದೆ. ಯೂನಿಟ್ ಮೇಲ್ಗಡೆ ಹೀರಿಕೊಳ್ಳುವ ಗಾಳಿಯ ಉಷ್ಣತೆ ಒಂದು, ಕೆಳಗಿನ ರೆಕ್ಕೆಯಿಂದ ಹೊರಬರುವುದು ಇನ್ನೊಂದು. ಮೇಲೆ 28, ಕೆಳಗೆ 17 ಇದ್ದರೆ ವ್ಯತ್ಯಾಸ 11, ಚೆನ್ನಾಗಿದೆ. 8ರಿಂದ 12ರ ನಡುವೆ ಇದ್ದರೆ ಯಂತ್ರ ಕೆಲಸ ಮಾಡುತ್ತಿದೆ ಅಂತ. ಮಳೆಗಾಲದ ತೇವದ ದಿನ 8 ಬಂದರೂ ಗಾಬರಿ ಬೇಡ, ಅವತ್ತು ಶಕ್ತಿಯ ಒಂದು ಪಾಲು ಗಾಳಿಯ ನೀರು ಹಿಂಡುವುದಕ್ಕೇ ಹೋಗುತ್ತದೆ. ಇನ್ನೊಂದು ಮಾತು: ವ್ಯತ್ಯಾಸ 14, 15 ಬಂತು ಅಂತ ಹಿಗ್ಗಬೇಡಿ. ಗಾಳಿ ಕಡಿಮೆ ಬಂದಾಗಲೂ ಹಾಗೇ ಆಗುತ್ತದೆ. ಬರುವ ಗಾಳಿ ತಣ್ಣಗೇ ಇದೆ, ಆದರೆ ಕೋಣೆ ತುಂಬುವಷ್ಟು ಇಲ್ಲ. ಅದು ಕೊಳೆಯ ಗುರುತು.

ಈಗ ತೊಳೆಯುವುದು. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಎಸಿ ಲೈನಿನ ಮುಖ್ಯ ಸ್ವಿಚ್ಚಾದ ಎಂಸಿಬಿ ಕೆಳಗೆ ಇಳಿಸಿ. ಮುಂದಿನ ಮುಚ್ಚಳ, ಜಾಲರಿ ತೆಗೆಯಿರಿ. ಬಲಗಡೆ ಮೂಲೆಯಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಗಾಳಿ ದಬ್ಬುವ ಬ್ಲೋವರ್‌ನ ಮೋಟಾರು ಇರುವುದು ಸಾಮಾನ್ಯ. ಆ ಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಟೇಪು ಸುತ್ತಿ, ಅದರ ಮೇಲೊಂದು ಒಣ ಬಟ್ಟೆ. ಚೀಲ ಕಟ್ಟಿ, ತೋಳನ್ನು ಬಕೆಟ್ಟಿಗೆ ಬಿಡಿ. ನಾಝಲ್ ಬೀಸಣಿಗೆಯಂತೆ ಹರಡುವ ಹದಕ್ಕೆ ತಿರುಗಿಸಿ, ಕಾಯಿಲ್‌ನಿಂದ (ಗ್ಯಾಸ್ ಹರಿಯುವ ತಾಮ್ರದ ಕೊಳವೆ, ಅದರ ಮೇಲಿನ ಫಿನ್ ಸೇರಿದ ಭಾಗ) ಒಂದು ಗೇಣು ದೂರ ಹಿಡಿದು, ಮೇಲಿನಿಂದ ಕೆಳಕ್ಕೆ, ಫಿನ್ನಿನ ಗೆರೆ ಹೋದ ದಿಕ್ಕಿನಲ್ಲೇ ಹೊಡೆಯಿರಿ. ಅಡ್ಡ ಹೊಡೆದರೆ ಫಿನ್ ಮಡಚುತ್ತದೆ. ಮಡಚಿದ್ದನ್ನು ಆ ಬಾಚಣಿಗೆಯಲ್ಲಿ ಎತ್ತಬಹುದು, ಆದರೆ ಕಿಟ್‌ನ ಬಾಚಣಿಗೆಯ ಹಲ್ಲು ಒರಟು, ಎಲ್ಲ ಕಾಯಿಲ್‌ಗೂ ಹೊಂದುವುದಿಲ್ಲ.

ಕಾಯಿಲ್ ಹೊಳೆಯಿತು ಅಂತ ನಿಲ್ಲಿಸುವವರೇ ಹೆಚ್ಚು. ನಿಜವಾದ ಕೊಳೆ ಅದರ ಹಿಂದೆ ಇದೆ. ಕೆಳಗಿನ ರೆಕ್ಕೆಗಳನ್ನು ಮೇಲೆತ್ತಿ ಟಾರ್ಚ್ ಬಿಡಿ. ಉದ್ದಕ್ಕೆ ಮಲಗಿಸಿದ, ಸುತ್ತಲೂ ಪಟ್ಟಿಗಳಿರುವ ಉರುಳೆಯಂಥ ಬ್ಲೋವರ್ ಕಾಣುತ್ತದೆ. ಅದರ ಒಂದೊಂದು ಪಟ್ಟಿಯೂ ಸಣ್ಣ ಚಮಚದಂತೆ ಬಾಗಿದೆ, ಆ ಬಾಗಿನೊಳಗೆ ಕಪ್ಪು ಕಂಬಳಿಯ ಚೂರು ಅಂಟಿಸಿದ ಹಾಗೆ ಧೂಳು ಮತ್ತು ಬೂಷ್ಟು ಕೂತಿರುತ್ತದೆ. ಪಕ್ಕದಲ್ಲೊಂದು ಅಪಾರ್ಟ್‌ಮೆಂಟ್ ಏಳುತ್ತಿದ್ದರೆ ಅದರಲ್ಲಿ ಸಿಮೆಂಟಿನ ಬೂದು ಪದರವೂ ಸೇರುತ್ತದೆ. ಚಮಚ ತುಂಬಿದ ಮೇಲೆ ಬ್ಲೋವರ್ ಎಷ್ಟು ಜೋರಾಗಿ ತಿರುಗಿದರೂ ಗಾಳಿಯನ್ನು ಎತ್ತಿ ಎಸೆಯಲಾಗುವುದಿಲ್ಲ. ಸದ್ದು ಇದೆ, ಗಾಳಿ ಇಲ್ಲ. ಮೂಗಿಗೆ ಬರುವ ವಾಸನೆಯ ಮನೆಯೂ ಇದೇ. ಜೆಟ್ ಹೊಡೆದು ಬ್ಲೋವರನ್ನು ಗಿರಗಿರ ತಿರುಗಿಸಬೇಡಿ, ಅದು ಕೂತು ತಿರುಗುವ ಬುಷ್ ಸವೆಯುತ್ತದೆ, ಕೊಳೆ ನೀರು ಕೋಣೆಗೆಲ್ಲ ಸಿಡಿಯುತ್ತದೆ. ಮರದ ಕಡ್ಡಿಯೊಂದರಿಂದ ತಡೆದು, ನಾಲ್ಕೈದು ಪಟ್ಟಿ ತೊಳೆದು, ಮತ್ತೆ ಸ್ವಲ್ಪ ತಿರುಗಿಸಿ. ಹತ್ತು ನಿಮಿಷದ ಕೆಲಸ. ಮೊದಲ ಬಕೆಟ್ಟಿಗೆ ಬೀಳುವುದು ಡಿಕಾಕ್ಷನ್ ಬಣ್ಣದ ನೀರು, ಅದರಲ್ಲಿ ತೇಲುವ ಕಪ್ಪು ಚೂರುಗಳು. ಆ ಚೂರುಗಳು ಬರುವುದು ನಿಲ್ಲುವವರೆಗೂ ಹೊಡೆಯಿರಿ.

ಸೋಪು ಬೇಕಿದ್ದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ, ಅಷ್ಟೇ. ವಿನೆಗರ್ ಹಾಕಿ ತೊಳೆಯಿರಿ ಎನ್ನುವ ವಿಡಿಯೋಗಳನ್ನು ನಂಬಿ ಕೆಟ್ಟವರಿದ್ದಾರೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಂಥವು ತಾಮ್ರದ ಕೊಳವೆಯ ಗೋಡೆಯೊಳಗೆ ಇರುವೆ ಗೂಡಿನಂತೆ ಸಣ್ಣ ಸಣ್ಣ ಸುರಂಗ ಕೊರೆಯಬಲ್ಲವು. ಹೊರಗಿನಿಂದ ಕಣ್ಣಿಗೆ ಕಾಣುವುದೇ ಇಲ್ಲ, ಒಂದು ದಿನ ಗ್ಯಾಸ್ ಖಾಲಿ. ನೂರಾರು ರೂಪಾಯಿ ಉಳಿಸಲು ಹೋಗಿ ಕಾಯಿಲನ್ನೇ ಬದಲಿಸುವ ಖರ್ಚು. ಬಾತ್‌ರೂಮಿನ ಆಸಿಡ್ ವಿಚಾರ ಎತ್ತುವುದೇ ಬೇಡ, ಫಿನ್ನಿನ ಮೇಲಿನ ನೀಲಿ ಅಥವಾ ಚಿನ್ನದ ಬಣ್ಣದ ಲೇಪ ಕಿತ್ತುಬರುತ್ತದೆ.

ನೀರಿನ ಆಯ್ಕೆ ಬೆಂಗಳೂರಿನಲ್ಲಿ ಸಣ್ಣ ವಿಷಯವಲ್ಲ. ಒಳಗಿನ ಯೂನಿಟ್‌ಗೆ 10ರಿಂದ 15 ಲೀಟರ್, ಹೊರಗಿನದಕ್ಕೆ ಇನ್ನೊಂದು ಬಕೆಟ್ ಬೇಕು. ಬೋರ್‌ವೆಲ್ ನೀರು ಗಡಸು, ಬಿಸಿಯಾಗುವ ಹೊರಗಿನ ಕಾಯಿಲ್ ಮೇಲೆ ಅದು ಒಣಗಿದಾಗ ಕೆಟಲ್ ಒಳಗಿನಂತೆ ಬಿಳಿ ಪೊರೆ ಕಟ್ಟುತ್ತದೆ. ನೀರು ಉಳಿಸೋಣ ಅಂತ ಆರ್‌ಓ ಯಂತ್ರದ ವೇಸ್ಟ್ ನೀರು ಬಳಸುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಆ ನೀರಿನಲ್ಲಿ ಲವಣ ಮೊದಲಿಗಿಂತ ಜಾಸ್ತಿ, ಅದು ನೆಲ ಒರೆಸಲು ಸರಿ. ಕಾವೇರಿ ನೀರು ಉತ್ತಮ, ಮಳೆನೀರು ಇನ್ನೂ ಉತ್ತಮ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟದ್ದು ನೆನಪಿದ್ದರೆ ಇನ್ನೊಂದು ದಾರಿಯೂ ಇದೆ: ಎಸಿ ತಾನೇ ಹೊರಹಾಕುವ ನೀರನ್ನು ಹಲವು ರಾತ್ರಿ ಹಿಡಿದು, ಬಟ್ಟೆಯಲ್ಲಿ ಸೋಸಿಕೊಳ್ಳಿ. ಅದು ಗಾಳಿಯಿಂದ ಇಳಿದ ನೀರು, ಲವಣ ತೀರಾ ಕಡಿಮೆ. ಅದೇ ನೀರನ್ನು ಯುಪಿಎಸ್ ಬ್ಯಾಟರಿಗೆ ಸುರಿಯುವ ಅಭ್ಯಾಸ ಮಾತ್ರ ಬಿಡಿ, ಅದರಲ್ಲಿ ಕಾಯಿಲ್‌ನ ಧೂಳು, ಲೋಹದ ಕಣ ಎಲ್ಲ ಇರುತ್ತವೆ.

ತೊಳೆದ ಮೇಲೆ ಚೀಲ ಬಿಚ್ಚುವ ಮುಂಚೆ ಡ್ರೈನ್, ಅಂದರೆ ಎಸಿಯ ನೀರು ಹೊರಹೋಗುವ ದಾರಿಯ ಪರೀಕ್ಷೆ. ಕಾಯಿಲ್ ಮೇಲಿನಿಂದ ಒಂದು ಚೊಂಬು ನೀರನ್ನು ನಿಧಾನವಾಗಿ ಬಿಡಿ, ಹೊರಗಿನ ಪೈಪಿನ ತುದಿಯಲ್ಲಿ ಒಂದೆರಡು ನಿಮಿಷದೊಳಗೆ ಅಷ್ಟೂ ನೀರು ಬರಬೇಕು. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಎಸಿ ಹೆಚ್ಚು ನೀರು ಬಿಡುವುದಿಲ್ಲ, ಹಾಗಾಗಿ ಅರ್ಧ ಕಟ್ಟಿಕೊಂಡ ಡ್ರೈನ್ ಗೊತ್ತಾಗುವುದೇ ಇಲ್ಲ. ಏಪ್ರಿಲ್‌ನಲ್ಲಿ ಮಾವಿನ ಮಳೆ ಎರಡು ಹನಿ ಬಿದ್ದು ತೇವ ಏರಿದ ರಾತ್ರಿಯೇ ಹಾಸಿಗೆ ಮೇಲೆ ತೊಟ್ಟಿಕ್ಕಲು ಶುರು. ಜನ ಎಸಿ ಅವತ್ತು ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟದ್ದು ಹೋದ ವರ್ಷದ ಮಳೆಗಾಲದಲ್ಲಿ, ಕಾಯಿಲ್ ಕೆಳಗೆ ನೀರು ಹಿಡಿಯುವ ತಟ್ಟೆಯಲ್ಲಿ ಲೋಳೆ ಬೆಳೆದಾಗ. ಪೈಪು ಕಟ್ಟಿದ್ದರೆ ಹೊರಗಿನ ತುದಿಗೆ ಗನ್ ಇಟ್ಟು ಒಳಕ್ಕೆ ಹೊಡೆಯಬೇಡಿ, ನಡುವಿನ ಜೋಡಣೆ ಕಳಚಿ ಗೋಡೆಯೊಳಗೆ ನೀರು ಹೋಗುತ್ತದೆ. ವೆಟ್ ವ್ಯಾಕ್ಯೂಮ್ ಕ್ಲೀನರ್‌ನಿಂದ ಹೊರತುದಿಯಲ್ಲಿ ಎಳೆಯಿರಿ. ಪೈಪು ಎಲ್ಲೂ ಮೇಲೇರಿ ಇಳಿಯಬಾರದು. ತುದಿಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿಟ್ಟರೂ ಗಾಳಿ ಸಿಕ್ಕಿಕೊಂಡು ನೀರು ವಾಪಸ್ ನಿಲ್ಲುತ್ತದೆ. ಮೇಲೆ ಹೇಳಿದ ನೀರು ಹಿಡಿಯುವವರು ಇದನ್ನು ಗಮನಿಸಿ.

ಹೊರಗಿನ ಯೂನಿಟ್ ಹಿಂಬದಿ ಮತ್ತು ಒಂದು ಪಕ್ಕದಿಂದ ಗಾಳಿ ಎಳೆದು ಮುಂದಕ್ಕೆ ದಬ್ಬುತ್ತದೆ. ಕೊಳೆ ಇರುವುದು ಹಿಂದೆ, ಗೋಡೆಯ ಕಡೆ. ಮುಂದಿನ ಜಾಲರಿಗೆ ನೀರು ಹೊಡೆದು ‘ಸರ್ವಿಸ್ ಆಯ್ತು’ ಅನ್ನುವುದು ಮುಖ ತೊಳೆದು ಸ್ನಾನ ಆಯಿತು ಅಂದ ಹಾಗೆ. ಎಂಸಿಬಿ ಇಳಿಸಿ, ಹತ್ತು ನಿಮಿಷ ಕಾದು, ಹಿಂಬದಿಯಿಂದ ಮೇಲಿಂದ ಕೆಳಕ್ಕೆ ಹೊಡೆಯಿರಿ. ಮೊದಲು ಒಣ ಬ್ರಷ್‌ನಿಂದ ಪಾರಿವಾಳದ ಪುಕ್ಕ, ಜೇಡರ ಬಲೆ ತೆಗೆಯಿರಿ. ನೀರು ಬಿದ್ದರೆ ಅವು ಸಂದಿನೊಳಗೆ ಹಿಟ್ಟಿನಂತೆ ಕೂರುತ್ತವೆ. ಗೋಡೆಗೂ ಯೂನಿಟ್‌ಗೂ ನಡುವೆ ಕೈ ಹೋಗದಿದ್ದರೆ ಈ ಕಿಟ್‌ನ ನೇರ ಗನ್ ಕೆಲಸಕ್ಕೆ ಬಾರದು. ತುದಿ ಬಾಗಿದ ಉದ್ದ ಕೊಳವೆ (ಲ್ಯಾನ್ಸ್) ಬೇಕು, ಅದು ಕಿಟ್‌ನಲ್ಲಿ ಇಲ್ಲ. ಕೊನೆಯ ಅರ್ಧ ಅಂಕ ಹೋಗಿದ್ದು ಇದಕ್ಕೆ.

ಸಮುದ್ರಕ್ಕಿಳಿಯುವ ದೊಡ್ಡ ದೋಣಿಗಳ ಎಸಿಗಳಲ್ಲಿ ಹೆಚ್ಚಾಗಿ ಈ ಹೊರಗಿನ ಯೂನಿಟ್ಟೇ ಇರುವುದಿಲ್ಲ ಅನ್ನುವುದು ಕುತೂಹಲದ ಸಂಗತಿ. ಸಮುದ್ರದ ನೀರನ್ನು ಪಂಪಿನಲ್ಲಿ ಎಳೆದು, ಅದಕ್ಕೇ ಶಾಖ ಕೊಟ್ಟು ವಾಪಸ್ ಬಿಡುತ್ತವೆ. ಅಲ್ಲಿ ಜರಡಿಗೆ ಪಾಚಿ ಸಿಕ್ಕಿಕೊಂಡರೋ ಕೊಳವೆಯಲ್ಲಿ ಚಿಪ್ಪು ಬೆಳೆದರೋ ಒಳಗಿನ ಒತ್ತಡ ಏರಿ ಯಂತ್ರ ನಿಲ್ಲುತ್ತದೆ. ನಮ್ಮ ಬಾಲ್ಕನಿಯಲ್ಲಿ ಆ ಕೆಲಸವನ್ನು ಪಾರಿವಾಳ ಮಾಡುತ್ತದೆ. ಶಾಖ ಹೊರಹೋಗದಿದ್ದರೆ ಎರಡೂ ಕಡೆ ಕಥೆ ಒಂದೇ: ಕರೆಂಟ್ ಜಾಸ್ತಿ, ತಂಪು ಕಮ್ಮಿ, ಮಧ್ಯಾಹ್ನ ಮೂರಕ್ಕೆ ಟ್ರಿಪ್. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ಬರುವುದಕ್ಕೆ ಮುಂಚೆ ಹಿಂಬದಿ ತೊಳೆದಿರಬೇಕು.

ಎಲ್ಲ ಮುಗಿದ ಮೇಲೆ ಒಂದು ಗಂಟೆ ಎಂಸಿಬಿ ಮೇಲೆತ್ತಬೇಡಿ. ಆಮೇಲೆ ಅರ್ಧ ಗಂಟೆ ಬರೀ ಫ್ಯಾನ್. ಮತ್ತೆ 16 ಡಿಗ್ರಿ, 15 ನಿಮಿಷ, ಅದೇ ಜಾಗದಲ್ಲಿ ಅಳತೆ.

ವ್ಯತ್ಯಾಸ ಇನ್ನೂ 5, 6ರಲ್ಲೇ ನಿಂತಿದ್ದರೆ ಕಿಟ್‌ನ ಕೆಲಸ ಮುಗಿಯಿತು, ಇನ್ನು ಮೆಕ್ಯಾನಿಕ್ ಬರಬೇಕು. ಬರುವ ಮೊದಲು ಕಾಯಿಲನ್ನು ಒಮ್ಮೆ ನೋಡಿಟ್ಟುಕೊಳ್ಳಿ. ಪೂರ್ತಿ ಕಾಯಿಲ್ ಮೇಲೆ ಸಮವಾಗಿ ಐಸ್ ಕಟ್ಟಿದ್ದು ಗಾಳಿ ಮಂದ ಇದ್ದರೆ ಇನ್ನೂ ಕೊಳೆ ಉಳಿದಿದೆ ಅಥವಾ ಬ್ಲೋವರ್ ನಿಧಾನ ತಿರುಗುತ್ತಿದೆ. ಗಾಳಿ ಜೋರಾಗಿದ್ದು, ಗ್ಯಾಸ್ ಒಳಬರುವ ಕಡೆಯ ಒಂದೆರಡು ಸಾಲು ಮತ್ತು ಹೊರಗಿನ ತೆಳು ಪೈಪಿನ ಮೇಲೆ ಮಾತ್ರ ಹಿಮ ಕಟ್ಟಿ ಉಳಿದ ಕಾಯಿಲ್ ಬೆಚ್ಚಗಿದ್ದರೆ ಗ್ಯಾಸ್ ಸೋರಿರುವ ಸಾಧ್ಯತೆ ದೊಡ್ಡದು. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದವರಿಗೆ ಇನ್ನೊಂದು ಸಾಕ್ಷಿ ಸಿಗುತ್ತದೆ: ಹೊರಗಿನ ಕಾಯಿಲ್ ಕೊಳೆಯಾದರೆ ಆಂಪಿಯರ್ ಏರುತ್ತದೆ, ಗ್ಯಾಸ್ ಕಡಿಮೆಯಾದರೆ ಇಳಿಯುತ್ತದೆ. ಹೋಲಿಸಲು ಬೇಕಾದ ಸಂಖ್ಯೆ ಯೂನಿಟ್ಟಿನ ಲೇಬಲ್ ಮೇಲಿದೆ.

ಮೆಕ್ಯಾನಿಕ್ ಜೊತೆ ಮಾತುಕತೆ ಹೀಗೆ ಸಾಗಿದರೆ ಒಳ್ಳೆಯದು.

‘ಸರ್, ಗ್ಯಾಸ್ ಕಮ್ಮಿ ಇದೆ. ಟಾಪ್‌ಅಪ್ ಮಾಡ್ಬೇಕು.’

‘ಎಷ್ಟಿದೆಯಪ್ಪಾ ಪ್ರೆಶರ್? ಕಂಪ್ರೆಸರ್ ಫುಲ್ ಸ್ಪೀಡಲ್ಲಿ ಇತ್ತಾ?’

‘ಎಂಬತ್ತು ತೋರಿಸ್ತಿದೆ ಸರ್.’

‘ಸರಿ, ಎಲ್ಲಿ ಲೀಕು? ಮೊದ್ಲು ಅದು ತೋರ್ಸಿ, ಆಮೇಲೆ ಗ್ಯಾಸ್.’

ಆರ್32 ಅಥವಾ ಆರ್410ಎ ಎಂಬ ಗ್ಯಾಸ್ ತುಂಬಿದ ಯಂತ್ರ ಪೂರ್ತಿ ಓಡುವಾಗ ಹೀರುವ ಕಡೆ ಸುಮಾರು 110ರಿಂದ 140 ಪಿಎಸ್‌ಐ ಇರುತ್ತದೆ. ಹಳೇ ಆರ್22ರಲ್ಲಿ 60ರಿಂದ 75. ಆರ್22 ಯಂತ್ರದಲ್ಲಿ 70 ಬಂದರೆ ಆರೋಗ್ಯ, ಆರ್32ರಲ್ಲಿ ಅದೇ 70 ಕಾಯಿಲೆ. ಹಾಗಾಗಿ ಯಾವ ಗ್ಯಾಸ್ ಅಂತ ಲೇಬಲ್ ಓದದೆ ಬಾಯಿಗೆ ಬಂದ ಸಂಖ್ಯೆಗೆ ಅರ್ಥವಿಲ್ಲ. ಇನ್ವರ್ಟರ್ ನಿಧಾನ ಓಡುವಾಗ ತೆಗೆದ ರೀಡಿಂಗಿಗೂ ಇಲ್ಲ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದ್ದರೆ ಸೋರಿದೆ. ಮೊದಲು ನೋಡಬೇಕಾದದ್ದು ಹೊರಗಿನ ಯೂನಿಟ್‌ನ ಪೈಪು ಬಿಗಿಯುವ ಫ್ಲೇರ್ ನಟ್‌ಗಳು. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ, ಸುತ್ತ ಎಣ್ಣೆ ಜಿಡ್ಡು ಇದ್ದರೆ ಅದೂ ಸುಳಿವೇ. ದುರಸ್ತಿಯ ನಂತರ ಸಾರಜನಕ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಎಳೆಯಬೇಕು, ವ್ಯಾಕ್ಯೂಮ್ ಗೇಜಿನಲ್ಲಿ 500 ಮೈಕ್ರಾನ್ ಮುಟ್ಟಿದರೆ ಒಳ್ಳೆಯದು. ಕೊನೆಗೆ ಲೇಬಲ್‌ನಲ್ಲಿರುವ ತೂಕದಷ್ಟು ಗ್ಯಾಸನ್ನು ತಕ್ಕಡಿಯಲ್ಲಿಟ್ಟು ತುಂಬಬೇಕು. ತಕ್ಕಡಿ ತಂದಿಲ್ಲ ಅಂದರೆ ತಂದ ದಿನ ಬನ್ನಿ ಅನ್ನಿ. ಆರ್32ಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಕೆಲವು ಎಸಿಗಳಲ್ಲಿರುವ ಆರ್290 ಅಂದರೆ ಸಾಕ್ಷಾತ್ ಪ್ರೊಪೇನ್. ಕಿಟಕಿ ತೆರೆದಿರಲಿ, ದೇವರ ದೀಪವೂ ಆರಿರಲಿ.

ತಂಪು ಇಲ್ಲದಿರುವುದಕ್ಕೆ ಕೊಳೆ, ಗ್ಯಾಸ್ ಎರಡೂ ಕಾರಣ ಅಲ್ಲದಿರಬಹುದು. ಹಳೇ ಇನ್ವರ್ಟರ್ ಅಲ್ಲದ ಯಂತ್ರದಲ್ಲಿ ಹೊರಗಿನ ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಗುಂಯ್ ಅಂದು ನಿಂತರೆ ಮೊದಲ ಅನುಮಾನ ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಮೇಲೆ. ಒಂದೂವರೆ ಟನ್ನಿಗೆ ಸಾಮಾನ್ಯವಾಗಿ 50 ಮೈಕ್ರೋಫ್ಯಾರಡ್ ಆಸುಪಾಸು, 440 ವೋಲ್ಟ್. ಹಳೆಯದರ ಮೇಲೆ ಬರೆದದ್ದನ್ನೇ ಹಾಕಿಸಿ. ಔಟ್‌ಡೋರ್ ಪಿಸಿಬಿಯ ಮೇಲೆ ಹಲ್ಲಿ ಸತ್ತು ಶಾರ್ಟ್ ಆಗುವುದು ನಮ್ಮ ಊರಿನ ಮಾಮೂಲು. ಇನ್ವರ್ಟರ್ ಬೋರ್ಡಿನ ಮುಚ್ಚಳ ನೀವೇ ಬಿಚ್ಚಬೇಡಿ, ಕರೆಂಟ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಮೀರಿ ಕೂತಿರಬಹುದು.

ಲೆಕ್ಕಕ್ಕೆ ಬಂದರೆ, ಮನೆಗೆ ಕರೆಸಿ ತೊಳೆಸಿದರೆ ಒಂದು ಎಸಿಗೆ ಆರುನೂರು ರೂಪಾಯಿ ಅಂತಿಟ್ಟುಕೊಂಡರೂ ಐದಾರು ತೊಳೆತಕ್ಕೆ ಕಿಟ್‌ನ ದುಡ್ಡು ಬರುತ್ತದೆ. ಮೂರು ಎಸಿ ಇರುವ ಮನೆಗೆ ಎರಡು ಬೇಸಿಗೆ. ಪಂಪಿನ ಗ್ಯಾರಂಟಿ ಅಂಗಡಿಯವರ ಬಾಯಿಮಾತು, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಂಗಡಿಯಲ್ಲೇ ಗನ್ ಮುಚ್ಚಿಟ್ಟು ಪಂಪು ಓಡಿಸಿ ನೋಡಿ: ಒಂದೆರಡು ಸೆಕೆಂಡಿನಲ್ಲಿ ತಾನಾಗಿ ನಿಲ್ಲಬೇಕು. ಟಕಟಕ ಅಂತ ಆನ್ ಆಫ್ ಆಗುತ್ತಲೇ ಇದ್ದರೆ ಪ್ರೆಶರ್ ಸ್ವಿಚ್ ಸರಿಯಿಲ್ಲ ಅಥವಾ ಎಲ್ಲೋ ಸೋರುತ್ತಿದೆ, ಬೇರೆಯದು ಕೇಳಿ.

ಕೆಲಸ ಮುಗಿದ ಮೇಲೆ ಪಂಪನ್ನು ಒಂದು ನಿಮಿಷ ಗಾಳಿಯಲ್ಲಿ ಓಡಿಸಿ ನೀರು ಖಾಲಿ ಮಾಡಿ ಇಡಿ. ಬೋರ್ ನೀರು ಬಳಸಿದ್ದರೆ ಅದರ ಒಳವಾಲ್ವಿನಲ್ಲಿ ಸುಣ್ಣ ಕಟ್ಟುತ್ತದೆ. ಆಗ ಒಂದು ಮಗ್ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಸೋಸಿ, ಪಂಪಿನ ಮೂಲಕ ಬಕೆಟ್ಟಿಗೇ ಬಿಟ್ಟು, ಆಮೇಲೆ ಒಳ್ಳೆಯ ನೀರು ಹಾಯಿಸಿ. ಎಸಿ ಕಾಯಿಲ್‌ಗೆ ಆ ಹುಳಿ ತಾಗದಿರಲಿ. ನಾಝಲ್ ಕಟ್ಟಿದರೆ ಗುಂಡುಸೂಜಿ ಹಾಕಬೇಡಿ. ಹಿತ್ತಾಳೆಯ ತೂತು ಅಗಲವಾಗಿ ಜೆಟ್ ಸೊಟ್ಟ ಹೋಗುತ್ತದೆ, ತೆಂಗಿನ ಪೊರಕೆಯ ಕಡ್ಡಿ ಸಾಕು.